ಲೆಕ್ಕಕ್ಕಿಲ್ಲದ ಕ್ಲಿಪ್ಪು

"ಭಾನುವಾರ ಬಾ. ಎಂಜಿನ್ ಮೇಲೇ ಊಟ ಬಡಿಸ್ತೀನಿ. ತಟ್ಟೆ ಬೇಡ!"

ಹೀಗೆಂದು ನಾನು ನನ್ನ ಮೈದುನನಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಮಾತು ಗೇಟು ದಾಟಿ ಹೋಗಿತ್ತು.

ಮೈದುನ ಬೆಂಕಿ ನಂದಿಸುವ ಇಲಾಖೆಯಲ್ಲಿದ್ದಾನೆ. ಅವನ ಕಣ್ಣಿಗೆ ಲೋಕದಲ್ಲಿ ಎರಡೇ ಬಗೆಯ ವಸ್ತು. ಒಂದು ಸುಟ್ಟುಹೋದದ್ದು, ಇನ್ನೊಂದು ಸುಡಲಿಕ್ಕಿರುವುದು. ನಮ್ಮ ಮನೆಗೆ ಬಂದರೆ ಮೊದಲು ಅಡುಗೆಮನೆಗೆ ಹೋಗಿ ಒಲೆ ಮೂಸುತ್ತಾನೆ. ಆಮೇಲೆ ನನಗೆ "ಹೇಗಿದ್ದೀರಿ ಅತ್ತಿಗೆ" ಎನ್ನುತ್ತಾನೆ. ಆ ದಿನ ಒಲೆಯಲ್ಲಿ ಏನೂ ಸಿಗಲಿಲ್ಲ. ಹಿತ್ತಲಿನ ತಗಡಿನ ಶೆಡ್ಡಿಗೆ ಹೋದ. ಅಲ್ಲಿ ನಮ್ಮ ಯಜಮಾನರ ಕಾರಿದೆ. ಬಾನೆಟ್ ಎತ್ತಿದ.

"ಅತ್ತಿಗೆ, ಇಲ್ಲಿ ಬನ್ನಿ. ಇದೇನು?"

"ಎಂಜಿನ್."

"ಅದರ ಮೇಲೆ?"

"ಎಣ್ಣೆ ಜಿಡ್ಡು."

"ಜಿಡ್ಡಿನ ಮೇಲೆ?"

"ಧೂಳು."

"ಧೂಳಿನ ಮೇಲೆ?"

ಬಗ್ಗಿ ನೋಡಿದೆ. ಒಣ ಎಲೆ, ಹುಲ್ಲು, ಹಳದಿ ಬಟ್ಟೆಯ ಚೂರು ಸೇರಿಸಿ ಇಲಿ ಗೂಡು ಕಟ್ಟಿತ್ತು.

"ಮನೆ" ಎಂದೆ.

"ಮನೆಯಲ್ಲ, ಸೌದೆ! ನೀವು ವಾರ ವಾರ ಇದನ್ನ ಸ್ಟಾರ್ಟ್ ಮಾಡ್ತೀರಿ. ಒಂದಿನ ಧಗ್ ಅಂತ ಹತ್ಕೊಳ್ಳುತ್ತೆ. ಮೊದಲು ಕಾರು, ಆಮೇಲೆ ಶೆಡ್ಡು, ಆಮೇಲೆ ಮನೆ. ಒಳಗೆ ನೀವು, ಅಮ್ಮ. ಬೂದಿ ಬಾಚೋಕೆ ನಮ್ಮ ಇಲಾಖೆಯಿಂದ ನಾನೇ ಬರಬೇಕು. ಬೇಡ ಅತ್ತಿಗೆ. ಭಾನುವಾರ ಎಳೆಯೋ ಗಾಡಿ ತರ್ತೀನಿ. ತಗೊಂಡು ಹೋಗ್ಬಿಡ್ತೀನಿ."

"ತೊಳೆದರೆ?"

"ತೊಳೆದರೆ ನೀರು ಒಳಗೆ ಹೋಗಿ ಸ್ಟಾರ್ಟ್ ಆಗಲ್ಲ. ಸ್ಟಾರ್ಟ್ ಆಗ್ಬೇಕು ಅಂದ್ರೆ ತೊಳೆಯೋ ಹಾಗಿಲ್ಲ. ಎರಡೂ ಒಟ್ಟಿಗೆ ನಿಮ್ಮ ಕೈಲಾಗಲ್ಲ."

ನಿಮ್ಮ ಕೈಲಾಗಲ್ಲ ಎಂದನಲ್ಲ, ಅಲ್ಲೇ ನನಗೆ ಹತ್ತಿಕೊಂಡದ್ದು. ಧಗ್ ಅಂತ! ಆಗ ಬಾಯಿಂದ ಬಂದದ್ದೇ ಊಟದ ಮಾತು.

ಒಪ್ಪಂದವಾಯಿತು. ಭಾನುವಾರ ಎಂಜಿನ್ ಸ್ವಚ್ಛವಾಗಿರಬೇಕು, ಕಾರು ಸ್ಟಾರ್ಟೂ ಆಗಬೇಕು. ಮೂರು ಸಲ ಕೀ ತಿರುಗಿಸುವ ಅವಕಾಶ. ಸ್ಟಾರ್ಟ್ ಆದರೆ ಕಾರು ಉಳಿಯುತ್ತದೆ. ಆಗದಿದ್ದರೆ ಹೋಗುತ್ತದೆ.

ಅತ್ತೆ ಪಕ್ಕದಲ್ಲೇ ಹಗ್ಗದ ಮೇಲೆ ಬಟ್ಟೆ ಹರಡುತ್ತಿದ್ದರು. ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡಿದ್ದರು. ಎಲ್ಲ ಕೇಳಿಸಿಕೊಂಡರು. ಇನ್ನೊಂದು ಬಟ್ಟೆ ಕೊಡವಿದರು.

ನಮ್ಮ ಯಜಮಾನರು ಹೋಗಿ ವರ್ಷವಾಗುತ್ತ ಬಂತು. ಕಾರಿನಲ್ಲಿ ಹೋಗಲಿಲ್ಲ. ಹಾಸಿಗೆಯಲ್ಲಿ ಹೋದರು, ನಿದ್ದೆಯಲ್ಲಿ. ಹಾಸಿಗೆಯನ್ನು ಯಾರೂ ಎಳೆದುಕೊಂಡು ಹೋಗುತ್ತೇನೆ ಎನ್ನಲಿಲ್ಲ. ಕಾರು ಏನು ತಪ್ಪು ಮಾಡಿತು?

ಅವರದು ಉದ್ದ ಕಾಲು. ಸೀಟು ಅವರು ಹಿಂದಕ್ಕೆ ತಳ್ಳಿದ್ದಲ್ಲೇ ಇದೆ. ನಾನು ಮುಟ್ಟಿಲ್ಲ. ಬೆನ್ನಿಗೆ ದಿಂಬು ಕೊಟ್ಟು, ಸೀಟಿನ ತುದಿಯಲ್ಲಿ ಕೂತು, ಹೆಬ್ಬೆರಳಿನ ತುದಿಯಿಂದ ಪೆಡಲ್ ಒತ್ತಿ, ಭಾನುವಾರ ಭಾನುವಾರ ಎಂಜಿನ್ ಹಾಕುತ್ತೇನೆ. ಕಾರು ಕದಲುವುದಿಲ್ಲ. ನಾನೂ ಕದಲುವುದಿಲ್ಲ. ಇಬ್ಬರೂ ಕೂತಲ್ಲೇ ಸ್ವಲ್ಪ ಹೊತ್ತು ಗುಡುಗುಡು ಎನ್ನುತ್ತೇವೆ. ಆಮೇಲೆ ಆರಿಸಿ ಒಳಗೆ ಬಂದು ಪಾತ್ರೆ ತೊಳೆಯುತ್ತೇನೆ. ಆ ಗುಡುಗುಡು ಇಲ್ಲದಿದ್ದರೆ ಭಾನುವಾರ ನಾನು ಏನು ಮಾಡಬೇಕು? ಇದನ್ನು ಬೆಂಕಿ ಇಲಾಖೆಗೆ ಹೇಗೆ ಹೇಳುವುದು?

ಹಾಗೆಂದು ನಾನು ಹೆದರಲಿಲ್ಲ. ಹೆದರುವ ಹೆಣ್ಣೇ ನಾನು? ಅವರು ತಿಂಗಳಿಗೊಮ್ಮೆ ಎಂಜಿನ್ ತೊಳೆಯುತ್ತಿದ್ದರು. ಮದುವೆಯಾದ ಲಾಗಾಯ್ತು ನಾನೇ ಟಾರ್ಚ್ ಹಿಡಿದಿದ್ದೇನೆ. ಶಾಲೆಯಲ್ಲಿ ಏನೂ ಕಲಿಯಲಿಲ್ಲ ನಿಜ. ಶೆಡ್ಡಿನಲ್ಲಿ ಎಲ್ಲ ಕಲಿತಿದ್ದೇನೆ. ಎಂಜಿನ್ ತೊಳೆಯುವ ವಿದ್ಯೆಯಲ್ಲಿ ನನಗೆ ತಿಳಿಯದ್ದು ಯಾವುದೂ ಇರಲಿಲ್ಲ! ಹಾಗೆಂದುಕೊಂಡಿದ್ದೆ.

ಟಾರ್ಚ್ ಹಿಡಿಯುವುದೆಂದರೆ ಸಣ್ಣ ಕೆಲಸವಲ್ಲ. ಅರ್ಧ ಸಂಸಾರ ಅಲ್ಲೇ ನಡೆದಿದೆ.

"ಬೆಳಕೆಲ್ಲಿ?"

"ನನ್ನ ಕೈಲಿದೆ."

"ನಾನು ನೋಡೋ ಕಡೆ ಬಿಡೇ!"

"ನೀವು ನೋಡೋ ಕಡೆ ನಿಮ್ಮ ತಲೆ ಇದೆ. ತಲೆ ತೆಗೀರಿ."

"ತಲೆ ತೆಗೆದು ಎಲ್ಲಿಡ್ಲಿ?"

"ಬ್ಯಾಟರಿ ಪಕ್ಕದಲ್ಲಿ ಜಾಗ ಇದೆಯಲ್ಲ!"

ನಾನು ಆಚೆ ಈಚೆ ನೋಡಿದರೆ ಬೆಳಕೂ ಆಚೆ ಈಚೆ ಹೋಗುತ್ತಿತ್ತು. ಬೈಗುಳ ಬೀಳುತ್ತಿತ್ತು. ಅದಕ್ಕೆ ಎಂಜಿನ್ ಬಿಟ್ಟು ಬೇರೆಲ್ಲೂ ನೋಡದಂತೆ ಅಭ್ಯಾಸವಾಯಿತು.

ಅವರ ಕೆಲಸಕ್ಕೊಂದು ಕಾನೂನಿತ್ತು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು. ಆಮೇಲೆ ನೀರು ತಾಗಬಾರದ ಭಾಗಗಳಿಗೆಲ್ಲ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಬೇಕು. ಬ್ಯಾಟರಿ, ಫ್ಯೂಸ್ ಪೆಟ್ಟಿಗೆ, ಡೈನಮೋ, ಕಿಡಿ ಹಂಚುವ ಡಬ್ಬಿ, ಎಲ್ಲಕ್ಕೂ ಒಂದೊಂದು ಟೊಪ್ಪಿ. ಕೊನೆಯದು ಮೂಗು. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಅವರು ಮೂಗು ಎನ್ನುತ್ತಿದ್ದರು. ಅದು ದೀಪದ ಹಿಂದೆ, ಕೆಳಗೆ, ಕತ್ತಲಲ್ಲಿ ಅಡಗಿಕೊಂಡಿದೆ.

"ಮೂಗಿಗೆ ನೀರು ಹೋದ್ರೆ ಮುಗೀತು. ಟೊಪ್ಪಿ ತೆಗೆಯೋದು ಮರೆತ್ರೂ ಮುಗೀತು. ಉಸಿರು ಕಟ್ಟುತ್ತೆ" ಎನ್ನುತ್ತಿದ್ದರು.

ಮರೆಯದಿರಲು ಅವರು ಒಂದು ಉಪಾಯ ಮಾಡಿದ್ದರು. ಒಂದು ಟೊಪ್ಪಿ ತೊಡಿಸಿದರೆ ಒಂದು ಬಟ್ಟೆಯ ಕ್ಲಿಪ್ಪನ್ನು ತಮ್ಮ ಷರ್ಟಿನ ಮುಂದಿನ ಅಂಚಿಗೆ ಸಿಕ್ಕಿಸಿಕೊಳ್ಳುವುದು. ಒಂದು ಟೊಪ್ಪಿ ತೆಗೆದರೆ ಒಂದು ಕ್ಲಿಪ್ಪು ತೆಗೆಯುವುದು. ಷರ್ಟು ಬರಿದಾದರೆ ಎಂಜಿನ್ನೂ ಬರಿದು. ಅಷ್ಟೇ. ಯಾವ ದೊಡ್ಡ ಗ್ಯಾರೇಜಿನಲ್ಲೂ ಇಂಥ ಬುದ್ಧಿ ಇರಲಿಕ್ಕಿಲ್ಲ!

ಆದರೆ ಬುದ್ಧಿವಂತರಿಗೂ ಮರೆವು ಇರುತ್ತದೆ. ಬೆನ್ನ ಮೇಲೆ ಯಾವಾಗಲೂ ಒಂದು ಕ್ಲಿಪ್ಪು ಸುಮ್ಮನೆ ನೇತಾಡುತ್ತಿರುತ್ತಿತ್ತು.

"ರೀ, ಬೆನ್ನಿಗೊಂದು ಅಂಟಿಕೊಂಡಿದೆ."

"ಇರ್ಲಿ ಬಿಡು. ಅದು ಲೆಕ್ಕಕ್ಕಿಲ್ಲ."

ಲೆಕ್ಕಕ್ಕಿಲ್ಲದ್ದು ಅಲ್ಲೇಕೆ ಎಂದು ನಾನು ಕೇಳಲಿಲ್ಲ. ಗಂಡಸರ ಬೆನ್ನ ಮೇಲೆ ಏನೇನೋ ಅಂಟಿಕೊಂಡಿರುತ್ತದೆ.

ಭಾನುವಾರ ಬೆಳಿಗ್ಗೆ ಅವರ ಕೆಲಸದ ಷರ್ಟು ತೊಟ್ಟೆ. ನೀಲಿ ಷರ್ಟು. ಒಗೆಯದೆ ಗೂಟಕ್ಕೆ ಹಾಕಿಟ್ಟಿದ್ದೆ. ಏಕೆ ಒಗೆದಿರಲಿಲ್ಲ ಎಂದು ಬೇರೆ ಹೆಂಗಸರು ಕೇಳುವುದಿಲ್ಲ. ಗಂಡಸರು ಕೇಳಿದರೆ ಸೋಪು ಇರಲಿಲ್ಲ ಎನ್ನುತ್ತೇನೆ. ತೋಳು ಮಡಚಿ ಮಡಚಿ ಮೊಣಕೈವರೆಗೆ ತಂದೆ. ಹಗ್ಗದ ಮೇಲಿದ್ದ ಕ್ಲಿಪ್ಪುಗಳನ್ನು ಬಾಚಿಕೊಂಡೆ.

ಕ್ಲಿಪ್ಪುಗಳು ಅತ್ತೆಯ ಸ್ವತ್ತು. ಒಗೆಯುವುದು ಅವರ ಖಾತೆ. ಮೊದಲಾಗಿದ್ದರೆ "ಅಮ್ಮ ಮಗ ಹೆಂಡತಿ ಎಲ್ಲ ಸೇರಿ ನನ್ನ ಕ್ಲಿಪ್ಪು ದೋಚ್ರಿ" ಎಂದು ಕೂಗುತ್ತಿದ್ದರು, ತಾವೇ ಅಮ್ಮ ಎಂಬುದನ್ನೂ ಮರೆತು! ಆ ದಿನ ಸುಮ್ಮನೆ ನೋಡಿದರು. ಬಕೆಟ್ ಎತ್ತಿಕೊಂಡು ಹೋದರು. ನಮ್ಮ ಯಜಮಾನರು ಹೋದಮೇಲೆ ನಾನು, ಅತ್ತೆ ಜಗಳವಾಡಿಲ್ಲ. ಜಗಳಕ್ಕೆ ಅವರು ಬೇಕಿತ್ತು. ಇಬ್ಬರೂ ಅವರಿಗಾಗಿಯೇ ಜಗಳವಾಡುತ್ತಿದ್ದೆವು. ಈಗ ಮನೆಯಲ್ಲಿ "ಊಟ", "ಆಯ್ತು", "ಬಾಗಿಲು" ಇಷ್ಟೇ ಮಾತು.

ಎಂಜಿನ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಬ್ಯಾಟರಿ ತಂತಿ ಬಿಚ್ಚಿದೆ. ಕೈಗೆ ಚೀಲ ಹಾಕಿಕೊಂಡು ಇಲಿಯ ಗೂಡು ಎತ್ತಿದೆ. ಇಲಿ ಇರಲಿಲ್ಲ, ಖಾಲಿ ಮಾಡಿಕೊಂಡು ಹೋಗಿತ್ತು. ಹಳದಿ ಬಟ್ಟೆಯ ಚೂರು ಅವರು ಕಾರು ಒರೆಸುತ್ತಿದ್ದ ಬಟ್ಟೆ. ಊರಲ್ಲಿ ಇಷ್ಟು ಚಿಂದಿಯಿದ್ದರೂ ಇಲಿಗೂ ಅವರದೇ ಬೇಕಾಯಿತು. ಅದನ್ನು ಎಸೆಯಲಿಲ್ಲ. ಪಕ್ಕಕ್ಕಿಟ್ಟೆ.

ಟೊಪ್ಪಿ ತೊಡಿಸಿದೆ. ಒಂದೊಂದಕ್ಕೆ ಒಂದೊಂದು ಕ್ಲಿಪ್ಪು ಷರ್ಟಿನ ಮುಂದಿನ ಅಂಚಿಗೆ ಹಾಕಿಕೊಂಡೆ. ಇಲ್ಲಿ ಒಂದು ತೊಂದರೆ ಬಂತು. ಅವರು ಎತ್ತರ. ನಿಂತಲ್ಲಿಂದಲೇ ಕೈ ಚಾಚುತ್ತಿದ್ದರು. ನಾನು ಕುಳ್ಳಿ. ಒಳಗೆ ಕೈ ಎಟುಕಬೇಕಾದರೆ ಸ್ಟೂಲ್ ಹತ್ತಿ ಹೊಟ್ಟೆಯ ಮೇಲೆ ಮಲಗಬೇಕು. ಮಲಗಿದರೆ ಕ್ಲಿಪ್ಪುಗಳೆಲ್ಲ ಹೊಟ್ಟೆಗೆ ಚುಚ್ಚುತ್ತವೆ! ಒಂದೆರಡು ಸಲ ಸಹಿಸಿದೆ. ಆಮೇಲೆ ಎಲ್ಲವನ್ನೂ ಕಿತ್ತು ಬೆನ್ನ ಹಿಂದಿನ ಅಂಚಿಗೆ ಸಿಕ್ಕಿಸಿದೆ. ಮುಂದಾದರೇನು, ಹಿಂದಾದರೇನು? ಷರ್ಟು ಅದೇ ತಾನೇ? ಅವರ ಉಪಾಯವನ್ನು ನಾನು ಇನ್ನಷ್ಟು ಸುಧಾರಿಸಿದೆ ಎಂದು ಹೆಮ್ಮೆಪಟ್ಟೆ.

ಬ್ರಷ್ ಬೇಕಿತ್ತು. ಅವರ ಹಲ್ಲುಜ್ಜುವ ಬ್ರಷ್ ಇನ್ನೂ ಲೋಟದಲ್ಲಿದೆ. ಅದನ್ನು ತೆಗೆಯಲು ಕೈ ಬರಲಿಲ್ಲ. ನನ್ನದನ್ನು ತಂದೆ.

ಸೋಪಿನ ನೀರು ಹಚ್ಚಿ ಉಜ್ಜಿದೆ, ಉಜ್ಜಿದೆ, ಉಜ್ಜಿದೆ. ಜಿಡ್ಡು ಕರಗಿ ಕಪ್ಪು ನೊರೆ ಬಂತು. ನನ್ನ ಕೈ, ಮುಖ, ಮೂಗಿನ ತುದಿ ಎಲ್ಲ ಕಪ್ಪು. ಬ್ರಷ್ಷು ಇನ್ನು ಹಲ್ಲಿನ ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ. ಪೈಪ್ ಹಿಡಿಯಲಿಲ್ಲ. ಗಿಡಕ್ಕೆ ನೀರು ಹಾಕುವ ಡಬ್ಬಿಯಿಂದ ಮೆಲ್ಲಗೆ, ಮಗುವಿನ ತಲೆಗೆ ಹಾಕಿದ ಹಾಗೆ ಹಾಕಿದೆ. ಒಂದು ಹನಿ ತಪ್ಪು ಜಾಗಕ್ಕೆ ಹೋದರೂ ಭಾನುವಾರಗಳೆಲ್ಲ ಹೋದಂತೆ.

ಆಗಲೇ ಅದಾದದ್ದು. ನಾನು ಹೊಟ್ಟೆಯ ಮೇಲೆ ಮಲಗಿ, ಕಾಲು ಗಾಳಿಯಲ್ಲಿ, ತಲೆ ಎಂಜಿನ್ನಿನಲ್ಲಿ. ಹಿಂದೆ ಷರ್ಟಿನ ಅಂಚನ್ನು ಯಾರೋ ಮೆಲ್ಲಗೆ ಎಳೆದ ಹಾಗಾಯಿತು. ಅವರು ಹಾಗೇ ಮಾಡುತ್ತಿದ್ದರು. ಅಡುಗೆಮನೆಯಲ್ಲಿ ಹಿಂದಿನಿಂದ ಬಂದು ಬಟ್ಟೆಯ ಅಂಚು ಎಳೆದು, ಬೇರೆಲ್ಲೋ ನೋಡುತ್ತ ನಿಲ್ಲುತ್ತಿದ್ದರು.

ನಾನು ತಿರುಗಲಿಲ್ಲ. ತಿರುಗಿದರೆ ಯಾರೂ ಇರುವುದಿಲ್ಲ ಎಂದು ಗೊತ್ತಿತ್ತು. ಆ ಡಬ್ಬಿಯ ನೀರು ಮುಗಿಯುವವರೆಗೆ ಹಾಗೇ ಇದ್ದೆ.

ಆಮೇಲೆ ಒರೆಸಿದೆ. ಬಾನೆಟ್ ತೆರೆದಿಟ್ಟು ಶೆಡ್ಡಿನ ಬಾಯಿಂದ ಬೀಳುವ ಬಿಸಿಲಿಗೆ ಬಿಟ್ಟೆ. ಒಣಗಿದ ಮೇಲೆ ಟೊಪ್ಪಿಗಳನ್ನು ತೆಗೆದೆ. ಒಂದು ಟೊಪ್ಪಿ, ಒಂದು ಕ್ಲಿಪ್ಪು. ಒಂದು ಟೊಪ್ಪಿ, ಒಂದು ಕ್ಲಿಪ್ಪು. ಕೈ ಹಿಂದೆ ಹಾಕಿ ತಡವಿದೆ. ಷರ್ಟು ಬರಿದು. ಎಂಜಿನ್ ಬರಿದು. ಕೆಲಸ ಮುಗಿಯಿತು! ಬ್ಯಾಟರಿ ತಂತಿ ಬಿಗಿದೆ. ಎಂಜಿನ್ ಮದುಮಗನ ಹಾಗೆ ಹೊಳೆಯುತ್ತಿತ್ತು. ನನ್ನನ್ನು ನೋಡಿದರೆ ಹೊಗೆ ಕೊಳವೆಯಿಂದ ಇಳಿದು ಬಂದವಳ ಹಾಗಿದ್ದೆ.

ಮೈದುನ ಬಂದ. ಹಿಂದೆ ಎಳೆಯುವ ಗಾಡಿ ಬಂತು. ಅದರ ಡ್ರೈವರ್ ದಪ್ಪ ಮೀಸೆಯವನು, ಇಳಿದವನೇ ಕೊಕ್ಕೆ ಬಿಚ್ಚತೊಡಗಿದ. ಮೈದುನನ ಕೈಯಲ್ಲಿ ಒಂದು ಕೆಂಪು ಸಿಲಿಂಡರ್. ಬೆಂಕಿ ಆರಿಸುವ ಪುಡಿಯದು.

"ಇದ್ಯಾಕೋ?" ಎಂದೆ.

"ಮುಂಜಾಗ್ರತೆ."

"ನನ್ನನ್ನ ಆರಿಸೋಕಾ?"

ಅವನು ನಗಲಿಲ್ಲ. ಎಂಜಿನ್ ನೋಡಿದ. ಬೆರಳು ಹಾಕಿ ಒರೆಸಿ ನೋಡಿದ. ಬೆರಳು ಬೆಳ್ಳಗೇ ಇತ್ತು. ಇನ್ನೊಂದು ಕಡೆ ಒರೆಸಿದ. ಆಗಲೂ ಬೆಳ್ಳಗೆ. ಅವನ ಮುಖ ಮಾತ್ರ ಸ್ವಲ್ಪ ಕಪ್ಪಾಯಿತು.

"ಸ್ವಚ್ಛವಾಗಿದೆ" ಎಂದ. "ಈಗ ಸ್ಟಾರ್ಟ್ ಮಾಡಿ."

ಸೀಟಿನ ತುದಿಯಲ್ಲಿ ಕೂತೆ. ದಿಂಬು ಸರಿಮಾಡಿಕೊಂಡೆ. ಕೀ ತಿರುಗಿಸಿದೆ.

ಎಂಜಿನ್ ಎದ್ದಿತು! ಗುಡು... ಗುಡು... ಆಮೇಲೆ ಮೇಲುಸಿರು ಬಿಟ್ಟು ನಿಂತುಹೋಯಿತು.

"ಒಂದು" ಎಂದ ಮೈದುನ.

"ಎಣಿಸ್ಬೇಡ. ನನಗೂ ಬರುತ್ತೆ."

ಬೆವರು ಕಣ್ಣಿಗಿಳಿಯಿತು. ಮತ್ತೆ ತಿರುಗಿಸಿದೆ. ಈ ಸಲ ಎರಡು ಗುಡು, ಒಂದು ಕೆಮ್ಮು, ಮುಗಿಯಿತು. ಆ ಸದ್ದು ನನಗೆ ಹಿಡಿಸಲಿಲ್ಲ. ಯಾರೋ ಉಸಿರಿಗೆ ಒದ್ದಾಡಿದ ಹಾಗಿತ್ತು.

"ನೀರು ಹೋಗಿದೆ ಅತ್ತಿಗೆ. ನಾನು ಹೇಳಿರ್ಲಿಲ್ವಾ? ಬಿಡಿ, ಬ್ಯಾಟರಿನೂ ಸಾಯುತ್ತೆ."

"ಇನ್ನೊಂದಿದೆ."

"ಇದೆ. ಆದ್ರೆ ಯಾಕೆ ಸುಮ್ನೆ..." ಅವನ ದನಿ ಮೆತ್ತಗಾಯಿತು. ಅದು ಇನ್ನೂ ಕೆಟ್ಟದ್ದು. ಬೈದರೆ ಬೈಯಬಹುದು. ಮೆತ್ತಗಾದರೆ ಏನು ಮಾಡುವುದು?

ಮೀಸೆಯವನು ಕೊಕ್ಕೆಯನ್ನು ಕಾರಿನ ಕೆಳಗೆ ಸಿಕ್ಕಿಸಿಯೇಬಿಟ್ಟ. ಸರಪಳಿ ಝಣ್ ಎಂದಿತು. ನಾನು ಕೀ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ತಿರುಗಿಸಲು ಧೈರ್ಯವಿಲ್ಲ. ತಿರುಗಿಸದಿದ್ದರೆ ಆ ಮೂರನೆಯದು ಇನ್ನೂ ಇದೆ ಎಂದಾದರೂ ಇರುತ್ತದೆ. ಷರ್ಟನ್ನು ಮತ್ತೆ ತಡವಿದೆ. ಬರಿದು. ಟೊಪ್ಪಿ ಯಾವುದೂ ಉಳಿದಿಲ್ಲ. ಹಾಗಾದರೆ ನೀರೇ. ನಾನೇ ಕೊಂದೆ.

"ಇಳೀರಿ ಅತ್ತಿಗೆ" ಎಂದ ಮೈದುನ.

ಇಳಿಯಲೆಂದು ಬಾಗಿಲಿಂದ ಕಾಲು ಹೊರಗಿಟ್ಟೆ. ಎದುರಿಗೆ ಅತ್ತೆಯ ಹಗ್ಗ. ಗಾಳಿಗೆ ಬಟ್ಟೆ ಪಟಪಟ ಎನ್ನುತ್ತಿತ್ತು. ಬಿಳಿ ಟವೆಲ್ಲು. ಟವೆಲ್ಲಿನ ಮೂಲೆಗೆ ಒಂದು ಕ್ಲಿಪ್ಪು. ಆ ಕ್ಲಿಪ್ಪು ಕಪ್ಪಗಿತ್ತು. ಜಿಡ್ಡಿನ ಹೆಬ್ಬೆರಳ ಗುರುತು ಅದರ ಮೇಲೆ ಎದ್ದು ಕಾಣುತ್ತಿತ್ತು. ನನ್ನ ಹೆಬ್ಬೆರಳು!

"ಅತ್ತೇ!" ನನ್ನ ಕೂಗಿಗೆ ಮೀಸೆಯವನು ಸರಪಳಿ ಕೈಬಿಟ್ಟ. "ಆ ಕ್ಲಿಪ್ಪು ಎಲ್ಲಿಂದ ಬಂತು?"

ಅತ್ತೆ ಬಾಯಿಂದ ಇನ್ನೊಂದು ಕ್ಲಿಪ್ಪು ತೆಗೆದು ನಿಧಾನವಾಗಿ ಹೇಳಿದರು:

"ನಿನ್ನ ಬೆನ್ನಿಂದ."

ವರ್ಷದಲ್ಲಿ ಅವರು ನನಗೆ ಹೇಳಿದ ಅತಿ ಉದ್ದದ ಮಾತು ಅದು!

ನಾನು ಬಾಗಿಲು ಹಾಕಲಿಲ್ಲ, ಚಪ್ಪಲಿ ಹಾಕಲಿಲ್ಲ, ಓಡಿದೆ. ಸ್ಟೂಲ್ ಕಾಣಲಿಲ್ಲ. ಬಂಪರ್ ಮೇಲೆ ಹತ್ತಿ ತಲೆ ಒಳಗೆ ಹಾಕಿದೆ. ದೀಪದ ಹಿಂದೆ, ಕೆಳಗೆ, ಕತ್ತಲಲ್ಲಿ ಕೈ ಬಿಟ್ಟೆ. ಕಪ್ಪು ಕೊಳವೆಗೆ ಕಪ್ಪು ಚೀಲ. ಎಂಜಿನ್ ಅದನ್ನು ಒಳಕ್ಕೆಳೆದು ಎಳೆದು ಚೀಲ ಕೆನ್ನೆ ಒಣಗಿದ ಮುದುಕನ ಹಾಗೆ ಗುಳಿಬಿದ್ದಿತ್ತು.

"ಏನದು?" ಎಂದ ಮೈದುನ.

"ಮೂಗು!" ಎಂದೆ.

"ಯಾರ ಮೂಗು?"

ಉತ್ತರ ಕೊಡಲು ಪುರಸೊತ್ತಿರಲಿಲ್ಲ. ಚೀಲ ಕಿತ್ತು ತೆಗೆದೆ. ಹರಿದಿದೆಯೇ, ಚೂರು ಒಳಗೆ ಹೋಗಿದೆಯೇ ಎಂದು ಬಿಡಿಸಿ ನೋಡಿದೆ. ಇಡಿಯಾಗಿತ್ತು. ಬಂದು ಕೂತೆ. ದಿಂಬು ಎಲ್ಲಿ ಬಿತ್ತೋ ಗೊತ್ತಿಲ್ಲ. ದಿಂಬಿಲ್ಲದೆ ಪೆಡಲ್ ಎಟುಕದು. ಸ್ಟೀರಿಂಗ್ ಹಿಡಿದು ನೇತಾಡಿಕೊಂಡು ಹೆಬ್ಬೆರಳು ಚಾಚಿದೆ.

ಮೂರನೆಯದು.

ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ನಾನೂ ಉಸಿರು ಹಿಡಿದೆ. ಆಮೇಲೆ ಗುಡುಗುಡುಗುಡುಗುಡು! ನಿಲ್ಲಲಿಲ್ಲ. ತಗಡಿನ ಶೆಡ್ಡೆಲ್ಲ ನಡುಗಿತು. ನನ್ನ ಹಲ್ಲು ನಡುಗಿತು. ಮೀಸೆಯವನ ಮೀಸೆ ನಡುಗಿತು. ನಾನು ಸ್ಟೀರಿಂಗಿಗೆ ಹಣೆ ಹಚ್ಚಿದೆ. ಹಾರ್ನ್ ಹೊಡೆದುಕೊಂಡಿತು. ಹೊಡೆದುಕೊಳ್ಳಲಿ!

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎಂಜಿನ್ ಬಿಸಿಯಾಯಿತು. ಸಂದಿಯಲ್ಲೆಲ್ಲೋ ಉಳಿದಿದ್ದ ನೀರೂ ಬಿಸಿಯಾಯಿತು. ಬಾನೆಟ್ಟಿನ ಕೆಳಗಿಂದ ಬೆಳ್ಳಗೆ ಒಂದು ಎಳೆ ಮೇಲೆದ್ದಿತು.

"ಹೊಗೆ!" ಎಂದು ಮೈದುನ ಅರಚಿದ. "ಇಳೀರಿ! ದೂರ ಹೋಗಿ! ಎಲ್ಲರೂ ದೂರ!"

ಪಿನ್ನು ಕಿತ್ತ. ಕೆಂಪು ಸಿಲಿಂಡರಿನ ಮೂತಿಯನ್ನು ನನ್ನ ಹೊಳೆಯುವ ಎಂಜಿನ್ನಿಗೆ, ಈಗಷ್ಟೇ ಉಸಿರು ಬಂದ ಮೂಗಿಗೆ, ನೇರ ಗುರಿಯಿಟ್ಟ. ನಾನು ಒಳಗೆ ಸಿಕ್ಕಿಕೊಂಡಿದ್ದೆ.

ಅತ್ತೆ ಒದ್ದೆ ಬಟ್ಟೆ ಹಿಡಿದುಕೊಂಡೇ ಓಡಿಬಂದರು. ಆ ವಯಸ್ಸಿನಲ್ಲಿ ಆ ಓಟ! ಒದ್ದೆ ಬಟ್ಟೆಯಿಂದಲೇ ಮಗನ ಕೈಗೆ ಪಟೀರ್ ಎಂದು ಬಾರಿಸಿದರು.

"ಆವಿ ಕಣೋ ಅದು, ಆವಿ! ಒಂದಿನಾನಾದ್ರೂ ಅಡುಗೆಮನೇಲಿ ಒಂದು ಪಾತ್ರೆ ಇಳಿಸಿದ್ರೆ ತಾನೇ ನಿಂಗೆ ಗೊತ್ತಾಗೋದು!"

ಸಿಲಿಂಡರಿನ ಮೂತಿ ಗಿರ್ರನೆ ತಿರುಗಿತು. ಪುಡಿ ಭುಸ್ ಎಂದು ಹೊರಟಿತು. ಎಂಜಿನ್ನಿಗೆ ಒಂದು ಕಣವೂ ಬೀಳಲಿಲ್ಲ. ಎಲ್ಲ ಹಗ್ಗದ ಮೇಲೆ ಬಿತ್ತು. ಟವೆಲ್ಲು, ಹಾಸಿಗೆಯ ಬಟ್ಟೆ, ಅತ್ತೆ ಬೆಳಗಿನಿಂದ ಒಗೆದದ್ದೆಲ್ಲ, ಹಿಟ್ಟಿನ ಗಿರಣಿಯಲ್ಲಿ ಒಣಗಿಸಿದ ಹಾಗೆ!



ಆಮೇಲೆ ಅತ್ತೆ ಶುರುಮಾಡಿದರು. ವರ್ಷದಿಂದ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಮೊದಲು ಚಿಕ್ಕ ಮಗನಿಗೆ, ಆಮೇಲೆ ಮೀಸೆಯವನಿಗೆ, ಆಮೇಲೆ ನನಗೆ, ಆಮೇಲೆ ಕಾರಿಗೆ. ಮೀಸೆಯವನು ಯಾರೂ ಹೇಳದೆಯೇ ಕೊಕ್ಕೆ ಬಿಚ್ಚಿಕೊಂಡು, ಹಿಂದೆ ತಿರುಗಿ ನೋಡದೆ ಗಾಡಿ ಹತ್ತಿದ. ಮೈದುನ ತಲೆ ತಗ್ಗಿಸಿ ನಿಂತ. ತಲೆಗೂದಲೂ ಬೆಳ್ಳಗಾಗಿತ್ತು.

"ಅತ್ತಿಗೆ, ಗಾಡಿ ಇಟ್ಕೊಳ್ಳಿ" ಎಂದ. "ಆದ್ರೆ ಊಟ? ಎಂಜಿನ್ ಮೇಲೆ ಅಂದಿದ್ರಿ."

ಬಾನೆಟ್ ಮುಚ್ಚಿ ಅದರ ಮೇಲೆ ತಟ್ಟೆ ಇಟ್ಟು ಬಡಿಸಿದೆ.

"ತಟ್ಟೆ ಬೇಡ ಅಂದಿದ್ರಿ. ಮತ್ತೆ ಇದು ಬಾನೆಟ್ಟು."

"ಕೆಳಗಿರೋದು ಎಂಜಿನ್ನೇ. ತಿನ್ನು. ಊಟ ಆರಲ್ಲ."

ಅವನು ನಿಂತೇ ತಿಂದ. ಎರಡು ಸಲ ಹಾಕಿಸಿಕೊಂಡ. ಹೋಗುವಾಗ ಒಲೆ ಮೂಸುವುದನ್ನು ಮರೆತ.

ಬಟ್ಟೆಯನ್ನೆಲ್ಲ ಮತ್ತೆ ಒಗೆಯಬೇಕಾಯಿತು. ಈ ಸಲ ನಾನೂ ಕೂತೆ. ಇಬ್ಬರೂ ಒಗೆದೆವು, ಇಬ್ಬರೂ ಹಿಂಡಿದೆವು. ಹಗ್ಗದ ಹತ್ತಿರ ನಿಂತಾಗ ಕೇಳಿದೆ.

"ಅತ್ತೆ, ಯಾಕೆ ತೆಗೆದ್ರಿ?"

"ಟವೆಲ್ಲು ಹಾರ್ತಿತ್ತು. ಕ್ಲಿಪ್ಪೆಲ್ಲ ನೀನೇ ಮೈಮೇಲೆ ಹೇರ್ಕೊಂಡಿದ್ದೆ."

"ಒಂದು ಮಾತು ಕೇಳ್ಬಾರ್ದಿತ್ತಾ?"

"ಅವನನ್ನ ಒಂದಿನಾನೂ ಕೇಳಿಲ್ಲ. ನಿನ್ನನ್ನೇನು ಕೇಳೋದು?"

ನನಗೆ ಅರ್ಥವಾಗಲಿಲ್ಲ. ಅತ್ತೆ ಟವೆಲ್ಲು ಕೊಡವಿದರು.

"ಎಂಜಿನ್ ತೊಳೆಯೋ ದಿನ ನನ್ನ ಕ್ಲಿಪ್ಪೆಲ್ಲ ಹೊತ್ಕೊಂಡು ಹೋಗ್ತಿದ್ದ. ಬೈದ್ರೆ ಕೇಳ್ತಿರ್ಲಿಲ್ಲ. ಒಂದಿನ ಹಿಂದಿನಿಂದ ಹೋಗಿ ಒಂದು ಕಿತ್ಕೊಂಡೆ. ತಿರುಗ್ಲಿಲ್ಲ. ಅವತ್ತು ಅವನ ಗಾಡಿನೂ ಹೀಗೇ ಕೆಮ್ಮಿತು ಅನ್ಸುತ್ತೆ. ಆಮೇಲಿಂದ ಲೆಕ್ಕದ್ದೆಲ್ಲ ಮುಂದೆ ಹಾಕ್ಕೊಳ್ಳೋನು. ಬೆನ್ನಿಗೆ ಒಂದು ಬೇರೆ ಹಾಕ್ಕೊಂಡು ಬರೋನು. ನನಗೆ ಅಂತ. ನಾನು ಹೋಗಿ ತೆಗೀತಿದ್ದೆ. ಗೊತ್ತೇ ಆಗಿಲ್ಲ ಅನ್ನೋ ಹಾಗೆ ಬಗ್ಗಿಕೊಂಡೇ ಇರ್ತಿದ್ದ, ಕಳ್ಳ."

"ನನಗೆ ಇಬ್ಬರೂ ಹೇಳಲೇ ಇಲ್ಲ."

"ಹೇಳೋದೇನು? ನೀನು ಎದುರಿಗೇ ನಿಂತಿರ್ತಿದ್ದೆಯಲ್ಲ, ಟಾರ್ಚ್ ಹಿಡ್ಕೊಂಡು!"

ನಿಂತಿದ್ದೆ. ಬೆಳಕು ಎಂಜಿನ್ನಿನ ಮೇಲಿತ್ತು.

ಅತ್ತೆ ಟವೆಲ್ಲಿಗೆ ಕ್ಲಿಪ್ಪು ಹಾಕಿದರು. ಹಾಕಿದ ಮೇಲೂ ಅದನ್ನು ಹಿಡಿದೇ ಇದ್ದರು.

"ಇವತ್ತು ಬಕೆಟ್ ತಗೊಂಡು ಬಂದೆ. ನೀಲಿ ಷರ್ಟು ಬಗ್ಗಿಕೊಂಡಿತ್ತು. ಬೆನ್ನ ಮೇಲೆ ಕ್ಲಿಪ್ಪಿತ್ತು. ಕೈ ತಾನಾಗೇ ಹೋಯ್ತು."

ಆಗ ನಾನು ತಿರುಗಿದರೆ ಯಾರೂ ಇರುವುದಿಲ್ಲ ಎಂದುಕೊಂಡಿದ್ದೆನಲ್ಲ. ಅತ್ತೆ ಇದ್ದರು. ಕದ್ದ ಕ್ಲಿಪ್ಪು ಹಿಡಿದುಕೊಂಡು.

ಮಾರನೆಯ ತಿಂಗಳು ಮತ್ತೆ ಎಂಜಿನ್ ತೊಳೆದೆ. ಲೆಕ್ಕದ ಕ್ಲಿಪ್ಪುಗಳನ್ನೆಲ್ಲ ಮುಂದೆ ಹಾಕಿಕೊಂಡೆ. ಚುಚ್ಚಿದರೆ ಚುಚ್ಚಲಿ. ಬೆನ್ನಿಗೆ ಒಂದು ಬೇರೆ ಸಿಕ್ಕಿಸಿಕೊಂಡೆ. ಹೊಟ್ಟೆಯ ಮೇಲೆ ಮಲಗಿ ಉಜ್ಜುತ್ತಿದ್ದಾಗ ಹಿಂದೆ ಷರ್ಟಿನ ಅಂಚು ಎಳೆದ ಹಾಗಾಯಿತು. ನಾನು ತಿರುಗಲಿಲ್ಲ. ಗೊತ್ತೇ ಆಗಿಲ್ಲ ಎನ್ನುವ ಹಾಗೆ ಬಗ್ಗಿಕೊಂಡೇ ಇದ್ದೆ. ಅವರಷ್ಟು ಚೆನ್ನಾಗಿಯೇ ನಟಿಸಿದೆ ಎಂದುಕೊಂಡೆ.

ಹಿಂದಿನಿಂದ ದನಿ ಬಂತು:

"ಒಂದೇನಾ? ಅವನು ಎರಡು ಹಾಕ್ಕೋತಿದ್ದ!"

ಸುಳ್ಳು! ಅವರ ಬೆನ್ನ ಮೇಲೆ ನಾನು ಎಂದೂ ಒಂದಕ್ಕಿಂತ ಹೆಚ್ಚು ನೋಡಿಲ್ಲ. ಆದರೆ ಟಾರ್ಚ್ ಹಿಡಿದವಳ ಸಾಕ್ಷಿಗೆ ನಮ್ಮ ಮನೆಯಲ್ಲಿ ಈಗ ಬೆಲೆಯಿಲ್ಲ.

ಎರಡು ಹಾಕಿಕೊಳ್ಳುತ್ತಿದ್ದೇನೆ.